ಕಾಣದೆ ಹೋದ ಮುಳ್ಳುಗಳು

ನಾನು ಇಲಿಗಳ ಮಿದುಳಿನಲ್ಲಿ ಮುಳ್ಳು ಎಣಿಸುವವಳು. ಹೀಗೆಂದರೆ ಜನ ನಗುತ್ತಾರೆ. ನಗಲಿ. ನರಕೋಶವೆಂದರೆ ಎಲೆಯಿಲ್ಲದ ಪುಟ್ಟ ಗಿಡದ ಹಾಗೆ. ಅದರ ಕವಲುಗಳ ಮೇಲೆಲ್ಲ ಮುಳ್ಳಿನಂಥ ಮೊಗ್ಗುಗಳು. ಒಂದು ಕೋಶ ಇನ್ನೊಂದರ ಮಾತು ಕೇಳಿಸಿಕೊಳ್ಳುವುದು ಬಹುಮಟ್ಟಿಗೆ ಆ ಮುಳ್ಳುಗಳಲ್ಲೇ. ಎಡಗೈಯಿಂದ ಸೂಕ್ಷ್ಮದರ್ಶಕದ ಫೋಕಸ್ ತಿರುಗಿಸುತ್ತ, ಬಲಗೈಯಲ್ಲಿನ ಎಣಿಕೆಯಂತ್ರವನ್ನು ಮುಳ್ಳಿಗೊಮ್ಮೆ ಒತ್ತುತ್ತ ಹೋಗುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಇದೇ. ಲ್ಯಾಬಿನಲ್ಲಿ ನನ್ನನ್ನು ಹದ್ದಮ್ಮ ಎನ್ನುತ್ತಾರೆ, ಹದ್ದಿನ ಕಣ್ಣು ಅಂತ. ಎದುರಿಗೇ ಅನ್ನುತ್ತಾರೆ, ನನಗೂ ಅದು ಇಷ್ಟವೇ.

ಈ ಸಲದ ಪ್ರಯೋಗ ಒತ್ತಡದ್ದು. ಅರ್ಧ ಇಲಿಗಳನ್ನು ದಿನಕ್ಕೆ ಕೆಲವು ಗಂಟೆ ಇಕ್ಕಟ್ಟಾದ ಕೊಳವೆಯಲ್ಲಿ ಕೂಡಿಡುವುದು, ಇನ್ನರ್ಧವನ್ನು ಅವುಗಳ ಪಾಡಿಗೆ ಬಿಡುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಾನು ಗೊಣಗಿದ್ದುಂಟು. ವಾರಗಟ್ಟಲೆ ಹೀಗಾದರೆ ಮಿದುಳಿನ ನೆನಪಿನ ಭಾಗದಲ್ಲಿ ಕವಲುಗಳು ಮುದುಡುತ್ತವೆ, ಮುಳ್ಳುಗಳು ಕಡಿಮೆಯಾಗುತ್ತವೆ. ಮಿದುಳಿನ ತೆಳು ಚೂರು ಅಂಟಿಸಿದ ಗಾಜಿನ ಸ್ಲೈಡುಗಳಲ್ಲಿ ಯಾವುದು ಯಾವ ಇಲಿಯದೆಂದು ನನಗೆ ಹೇಳುವುದಿಲ್ಲ. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದಲ್ಲ. ಸಾಲದ್ದಕ್ಕೆ, ನನ್ನನ್ನೂ ಪರೀಕ್ಷಿಸಲು ಡಾಕ್ಟರಮ್ಮ ನಾನು ಎಣಿಸಿ ಮುಗಿಸಿದ ಸ್ಲೈಡಿಗೆ ಹೊಸ ಸಂಖ್ಯೆ ಅಂಟಿಸಿ ಆಗಾಗ ನಡುವೆ ತೂರಿಸುತ್ತಾರೆ. ಈ ಸಂಶೋಧನೆಯ ಯಜಮಾನಿ ಅವರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಅನುಮಾನದಲ್ಲಿ ಮಾತ್ರ ಅಜ್ಜಿ.

ಮೊನ್ನೆ ಬೆಳಿಗ್ಗೆ ಅವರು ನನ್ನ ಮೇಜಿನ ಮೇಲೆ ಎರಡು ಚೀಟಿ ಇಟ್ಟರು.

"ಇಲ್ನೋಡಿ ಹದ್ದಮ್ಮ. ಒಂದೇ ಸ್ಲೈಡು. ಮೊದಲನೇ ಸಲ ತೊಂಬತ್ತನಾಲ್ಕು ಬರೆದಿದೀರಿ, ಈಗ ಎಪ್ಪತ್ತೊಂದು."

"ಸ್ಲೈಡಿಗೆ ಹಾಕಿದ ಬಣ್ಣ ಮಾಸಿರಬೇಕು."

"ಐದು ಸ್ಲೈಡಲ್ಲೂ ಹೀಗೇ ಆಗಿದೆ. ಐದೂ ನಾನು ನೋಡಿದೆ. ಮುಳ್ಳುಗಳು ಇದ್ದಲ್ಲೇ ಇವೆ."

ಚೀಟಿಗಳನ್ನು ಎತ್ತಿ ನೋಡಿದೆ, ಎರಡೂ ನನ್ನ ಅಕ್ಷರವೇ. ಅಮ್ಮನಿಗೂ ಶುರುವಾದದ್ದು ಹೀಗೇ. ದರ್ಜಿ ಕೆಲಸದಲ್ಲಿ ನುರಿತವಳು, ಒಂದು ದಿನ ಅಂಗಿಗೆ ಆರರ ಬದಲು ನಾಲ್ಕೇ ಗುಂಡಿ ಹಚ್ಚಿ ಆರಿವೆಯೆಂದು ಜಗಳಕ್ಕೆ ನಿಂತಳು. ಎರಡು ವರ್ಷ ಕಳೆಯುವಷ್ಟರಲ್ಲಿ ಬಚ್ಚಲಮನೆಯ ದಾರಿಯನ್ನೂ ಮರೆತಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಈ ಗಾದೆ ಕಟ್ಟಿದವರ ಬಾಯಿಗೆ ಬೀಗ ಹಾಕಬೇಕು ಎನ್ನಿಸಿತು.

"ನಂಗೂ ಅಮ್ಮನ ಥರಾನೇ ಆಗ್ತಿದೆಯಾ, ಡಾಕ್ಟರಮ್ಮ?"

ಬೇರೆಯವರಾಗಿದ್ದರೆ ಛೆ ಛೆ ಎನ್ನುತ್ತಿದ್ದರು. ಇವರು ಕುರ್ಚಿ ಎಳೆದುಕೊಂಡು ಕೂತರು.

"ಗೊತ್ತಿಲ್ಲ. ಯಾವತ್ತಿಂದ ಶುರುವಾಗಿದೆ ಅಂತ ಮೊದಲು ನೋಡೋಣ. ಆ ಥರದ ಮರೆವು ಸಾಮಾನ್ಯವಾಗಿ ನಿಧಾನಕ್ಕೆ ಇಳಿಯುತ್ತೆ. ನಿಮ್ಮದು ಹೇಗೆ ಇಳಿದಿದೆ ನೋಡಬೇಕು."

ಒಂದು ವರ್ಷದಲ್ಲಿ ನನಗೆ ತಿಳಿಯದಂತೆ ತೂರಿಸಿದ ಮೂವತ್ತೆರಡು ಸ್ಲೈಡುಗಳ ಚೀಟಿಗಳನ್ನು ಹರವಿಕೊಂಡೆವು. ಗ್ರಾಫ್ ಕಾಗದದ ಮೇಲೆ ತಾರೀಖಿನ ಪ್ರಕಾರ ಒಂದೊಂದು ಸ್ಲೈಡಿನ ತಪ್ಪಿಗೂ ಒಂದೊಂದು ಚುಕ್ಕೆ, ಎರಡನೇ ಎಣಿಕೆ ಕಡಿಮೆ ಬಂದಷ್ಟೂ ಚುಕ್ಕೆ ಕೆಳಗೆ. ಇಷ್ಟು ವರ್ಷ ಇಲಿಗಳ ಮುಳ್ಳು ಎಣಿಸಿದವಳು ಈಗ ನಾನೇ ಇಲಿಯಾದೆ. ಭಯ ಎಲ್ಲಿಗೂ ಹೋಗಿರಲಿಲ್ಲ. ಆದರೂ ಮುಂದಿನ ಚುಕ್ಕೆ ಎಲ್ಲಿ ಬೀಳುತ್ತದೋ ಎಂದು ಕತ್ತು ಚಾಚಿ ನೋಡುತ್ತಿದ್ದೆ.

"ಅಮ್ಮ ನಮ್ಮನೇಲಿದ್ದ ತಿಂಗಳುಗಳಲ್ಲೇ ತಪ್ಪು ಜಾಸ್ತಿ ಇರುತ್ತೆ, ನೋಡ್ತಿರಿ," ಎಂದೆ. ಆ ಹತ್ತು ತಿಂಗಳು ನಾನು ತುಂಡು ತುಂಡು ನಿದ್ದೆ ಮಾಡಿದ್ದೆ. ನಲ್ಲಿ ನಿಲ್ಲಿಸಿದೆಯಾ ಎಂದು ಅವಳು ಗಂಟೆಗೆ ಹತ್ತು ಸಲ ಕೇಳುತ್ತಿದ್ದಳು. ಹನ್ನೊಂದನೇ ಸಲ ನಾನು ಕಿರುಚುತ್ತಿದ್ದೆ. ಕೊಳವೆಯ ಇಲಿಯೇ ನನಗಿಂತ ಸುಖಿ.

ಆದರೆ ಆ ಹತ್ತು ತಿಂಗಳ ಚುಕ್ಕೆಗಳು ಅಡಿಪಟ್ಟಿ ಹಿಡಿದು ಇಟ್ಟಂತೆ ಒಂದೇ ಸಾಲಿನಲ್ಲಿದ್ದವು. ತಪ್ಪು ಒಂದೋ ಎರಡೋ ಮುಳ್ಳು, ಅಷ್ಟೇ. ಎರಡು ತಿಂಗಳ ಹಿಂದಿನ ಒಂದು ಸೋಮವಾರದ ನಂತರ ಚುಕ್ಕೆಗಳೆಲ್ಲ ದಬಕ್ಕನೆ ಕೆಳಗೆ ಬಿದ್ದಿದ್ದವು.

"ಇಳಿಜಾರಲ್ಲ, ಮೆಟ್ಟಿಲು," ಎಂದರು ಡಾಕ್ಟರಮ್ಮ. "ಆ ಸೋಮವಾರ ಏನಾಯ್ತು?"

"ಏನೂ ಇಲ್ಲ. ಆವತ್ತಿಂದಲೇ ನಾನು ಆರಾಮಾಗಿರೋದು. ಅಮ್ಮನ್ನ ಅಕ್ಕನ ಮನೆಗೆ ಬಿಟ್ಟು ಬಂದೆ. ಈಗ ನೆಮ್ಮದಿಯಾಗಿ ನಿದ್ದೆ ಮಾಡಬಹುದು."

"ಮಾಡ್ತಿದೀರಾ?"

ನನಗೆ ಸಿಟ್ಟು ಬಂತು. "ಒಂದೇ ಒಂದು ಇಲಿ ಇಟ್ಕೊಂಡು ಯಾವ ತೀರ್ಮಾನಕ್ಕೂ ಬರಬಾರದು ಅಂತ ನೀವೇ ಅಲ್ವಾ ಹೇಳೋದು?"

"ಹೌದು, ತೀರ್ಮಾನಕ್ಕೆ ಬರಬಾರದು. ಕೇಳಬಹುದಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಿತ್ತು ನನ್ನ ಸಿಟ್ಟು. ಅಕ್ಕನಿಗೂ ಹೇಳದ ಮಾತು ಬಾಯಿಗೆ ಬಂತು.

"ಹೊರಡೋವಾಗ ಅಮ್ಮ ನನ್ನ ಕೈ ಹಿಡ್ಕೊಂಡಳು. ಆವತ್ತು ಅವಳಿಗೆ ನನ್ನ ಗುರುತು ಹತ್ತಿರಲಿಲ್ಲ. 'ನೀನು ತುಂಬಾ ಒಳ್ಳೆಯವಳು ಕಣಮ್ಮ. ನನ್ನ ಚಿಕ್ಕ ಮಗಳು ಕೆಲಸ ಮುಗಿಸ್ಕೊಂಡು ಬರ್ತಾಳೆ. ಅವಳು ಬರೋ ತನಕ ಇಲ್ಲೇ ಇರು,' ಅಂದಳು. ನಾನು ಕೈ ಬಿಡಿಸ್ಕೊಂಡು ಬಂದುಬಿಟ್ಟೆ."

ಅಳು ಬಂತು, ಅತ್ತುಬಿಟ್ಟೆ. ಡಾಕ್ಟರಮ್ಮ ನೀರು ತಂದುಕೊಟ್ಟು, ಚೀಟಿಗಳನ್ನು ಒಟ್ಟುಗೂಡಿಸಿ ರಬ್ಬರ್ ಬ್ಯಾಂಡ್ ಹಾಕಿದರು. ಈ ಕಾಗದ ಒಂದನ್ನೇ ನಂಬಿ ಸುಮ್ಮನಿರಬೇಡಿ, ನರರೋಗದ ವೈದ್ಯರಿಗೂ ಒಮ್ಮೆ ತೋರಿಸಿ ಎಂದರು. ಎರಡು ತಿಂಗಳ ಎಣಿಕೆಯನ್ನೆಲ್ಲ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ ಎಂದೂ ಹೇಳಿದರು. ನಾನು ಒಪ್ಪಿದೆ.

"ಮಾಡ್ತೀನಿ. ಆದ್ರೆ ಮೊದಲು ನಂಗೆ ರಜೆ ಬೇಕು. ಅಕ್ಕನ ಮನೆಗೆ ಹೋಗಬೇಕು."

"ಎಷ್ಟು ದಿನ?"

"ಅದನ್ನ ಹೇಗೆ ಹೇಳಲಿ, ಡಾಕ್ಟರಮ್ಮ? ಮಗಳು ಬರೋ ತನಕ ಇರು ಅಂದಿದಾಳೆ."