ಒಂದು ಕಿವಿ ಹೊರಗೆ

‘ಏನಾದರೂ ಮಾತಾಡಿ!’ ಎಂದು ಉಮಾಮಹೇಶ್ವರ ಕಿರುಚಿದ. ಹೆಡ್‌ಫೋನ್ ಹಾಕಿಕೊಂಡವರು ಮೆಲ್ಲಗೆ ಮಾತಾಡುವುದಿಲ್ಲ. ಅಂಗಡಿಯ ರಶ್ಮಿ ಏನೋ ಅಂದಳು. ತುಟಿ ಆಡಿತು, ಕೈ ಆಡಿತು, ಮಾತು ಮಾತ್ರ ಬರಲಿಲ್ಲ. ದುರ್ಗಿಗುಡಿಯ ಆಟೊಗಳು, ಎದುರಿನ ಜ್ಯೂಸ್ ಅಂಗಡಿಯ ಮಿಕ್ಸಿ, ಎಲ್ಲ ಒಟ್ಟಿಗೆ ಸತ್ತಿದ್ದವು. ಅವನಿಗೆ ಬಹಳ ಸಂತೋಷವಾಯಿತು.

ಕಳಚಿ ಕೇಳಿದ. ‘ಏನಂದ್ರಿ?’

‘ಏನಿಲ್ಲ ಸರ್.’

‘ಏನೋ ಅಂದ್ರಲ್ಲ.’

‘ಚೆನ್ನಾಗಿದೆ ಅಂದೆ. ಬೇಸ್ ಸೂಪರ್ ಸರ್.’

ಅಷ್ಟು ಚಿಕ್ಕ ಮಾತಿಗೆ ತುಟಿ ಅಷ್ಟು ಹೊತ್ತು ಆಡುವುದಿಲ್ಲ. ಆದರೆ ಕೇಳಿ ಪ್ರಯೋಜನವಿರಲಿಲ್ಲ.

ಅಂಗಡಿ ಬಾಗಿಲು ತೆಗೆದಾಗಲೇ ಬಂದು ಕೂತವನು ಅವನು. ಗಾಜಿನ ಮೇಜಿನ ಮೇಲೆ ತಿರಸ್ಕೃತ ವರರ ಹಾಗೆ ಹೆಡ್‌ಫೋನ್‌ಗಳು ಬಿದ್ದಿದ್ದವು. ಒಂದರ ಮೆತ್ತೆ ಬೇಗ ಸಿಪ್ಪೆ ಏಳುವಂಥದ್ದು. ಇನ್ನೊಂದರಲ್ಲಿ ಯಾವ ಹಾಡು ಹಾಕಿದರೂ ಅಕ್ಕಿ ಗಿರಣಿ ಕೇಳಿಸುತ್ತಿತ್ತು. ಮತ್ತೊಂದು ಬಲು ಇಂಪು, ಆದರೆ ಹೊರಗಿನ ಗದ್ದಲವನ್ನೆಲ್ಲ ಒಳಗೆ ಬಿಟ್ಟುಕೊಳ್ಳುವಂಥದ್ದು. ಮನೆಯಲ್ಲಿ ಒಬ್ಬರೇ ಕೂತು ಕೇಳುವವರಿಗೆ ಸರಿ. ತಂತಿಯಿಲ್ಲದ್ದನ್ನಂತೂ ಅವನು ಮುಟ್ಟಲೂ ಇಲ್ಲ.

ಕಳೆದ ವಾರ ಆಯನೂರಿನ ಮದುವೆಯಲ್ಲಿ ತಂತಿಯಿಲ್ಲದ್ದೇ ಅವನ ಮಾನ ಕಳೆದಿತ್ತು. ಅದರೊಳಗೆ ಶಬ್ದ ಒಂದು ಗಳಿಗೆ ತಡವಾಗಿ ಬರುತ್ತದೆ. ಎರಡು ಹಾಡುಗಳು ಕೂಡಬೇಕಾದ ಜಾಗದಲ್ಲಿ ಒಂದರ ಕಾಲನ್ನು ಇನ್ನೊಂದು ತುಳಿಯಿತು. ಕುಣಿಯುತ್ತಿದ್ದವರು ನಿಂತರು, ಅವನನ್ನು ನೋಡಿದರು, ಆಮೇಲೆ ಊಟಕ್ಕೆ ಹೋದರು.

‘ನೋಡಿ, ಡಿಜೆ ಅಂದ್ರೆ ಏನು?’ ಎಂದು ರಶ್ಮಿಗೆ ವಿವರಿಸಿದ. ‘ಒಂದು ಕಿವಿಗೆ ಮುಂದಿನ ಹಾಡು. ಅದು ಜನಕ್ಕೆ ಇನ್ನೂ ಕೇಳಿಸಿರೋದಿಲ್ಲ. ಇನ್ನೊಂದು ಕಿವಿ ಹೊರಗೆ, ಈಗ ಓಡ್ತಿರೋ ಹಾಡಿಗೆ. ಅದಕ್ಕೇ ಈ ಬಟ್ಟಲು ಹೀಗೆ ಹಿಂದಕ್ಕೆ ತಿರುಗಬೇಕು. ಎರಡರ ನಡೆ ಒಂದಾದ್ಮೇಲೆ ಗುಂಡಿ ಜಾರಿಸಬೇಕು. ಅರ್ಥ ಆಯ್ತಾ?’

ರಶ್ಮಿ ಕೂದಲು ಸರಿಸಿ ಕಿವಿಯಿಂದ ಪುಟ್ಟ ಬಿಳಿ ಇಯರ್‌ಬಡ್ ತೆಗೆದಳು. ‘ಸಾರಿ ಸರ್, ಏನಂದ್ರಿ?’

ಅವನು ಬಹಳ ಬಿಗಿಯಾದದ್ದನ್ನೇ ಆರಿಸಿದ. ಕನ್ನಡಕದ ಕಡ್ಡಿ ಕಪಾಲಕ್ಕೆ ಒತ್ತಿ ನೋಯುತ್ತಿತ್ತು. ನೋಯುವುದು ಒಳ್ಳೆಯ ಲಕ್ಷಣ ಎಂದುಕೊಂಡ.

ಅವನು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ಎಷ್ಟು ವರ್ಷದಿಂದ ಅತಿಥಿ ಎಂದು ಕೇಳಬಾರದು. ತರಗತಿಯಲ್ಲಿ ಅವನ ಮಾತಿಗೆ ಒಂದು ಪೆನ್ನೂ ಅಲ್ಲಾಡುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಪ್ರಿಯಂವದಾ ಅವನ ವಾಕ್ಯ ಮುಗಿಯುವ ಮೊದಲೇ ‘ಹೂಂ’ ಅನ್ನುತ್ತಿದ್ದಳು. ಪರೀಕ್ಷೆ ಮಾಡಲೆಂದು ಒಮ್ಮೆ, ‘ನಾನು ಸನ್ಯಾಸಿ ಆಗ್ಬೇಕು ಅಂತಿದೀನಿ’ ಅಂದ. ‘ಹೂಂ, ಬರ್ತಾ ಕೊತ್ತಂಬರಿ ತನ್ನಿ’ ಅಂದಳು.

ಡಿಜೆ ಮೇಜಿನ ಹಿಂದೆ ಮಾತ್ರ ಕತೆ ಬೇರೆ. ಅಲ್ಲಿ ಅವನು ಡಿಜೆ ಯು-ಮ್ಯಾಕ್ಸ್. ಬೆರಳು ಜಾರಿಸಿದರೆ ಸೊಂಟಗಳು ಅಲ್ಲಾಡುತ್ತಿದ್ದವು. ಲೋಕದಲ್ಲಿ ಜನ ಅವನ ಮಾತು ಕೇಳುತ್ತಿದ್ದ ಜಾಗ ಅದೊಂದೇ. ಇವತ್ತು ಭದ್ರಾವತಿಯ ಕಾರ್ಯಕ್ರಮದಲ್ಲೂ ತಾಳ ತಪ್ಪಿದರೆ ಅದೂ ಹೋಯಿತು.

ಬಸ್ಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು, ತಂತಿಯನ್ನು ಯಾವುದಕ್ಕೂ ಸಿಕ್ಕಿಸದೆ ಜೇಬಿಗಿಳಿಸಿ ಕೂತ. ಪಕ್ಕದವರು ಏನೋ ಕೇಳಿದರು. ಅವನು ನಗುತ್ತ ತಲೆಯಾಡಿಸಿದ. ಅವರು ಮುಖ ಗಂಟಿಕ್ಕಿಕೊಂಡು ಎದ್ದು ಬೇರೆ ಸೀಟಿಗೆ ಹೋದರು.

ಭದ್ರಾವತಿಯಲ್ಲಿ ಷಡಕ್ಷರಪ್ಪನವರ ಮಗಳ ನಿಶ್ಚಿತಾರ್ಥ. ಶಾಸ್ತ್ರ, ಊಟ ಮುಗಿದು, ಮಧ್ಯಾಹ್ನ ಮನೆ ಮುಂದಿನ ಶಾಮಿಯಾನದಲ್ಲಿ ಕುಣಿತ ಎಂದು ನಿಗದಿಯಾಗಿತ್ತು. ಉಮಾಮಹೇಶ್ವರ ಹೋಗಿ ನೋಡಿದರೆ ಸ್ಪೀಕರ್‌ಗಳ ಮೇಲೆ ಬೆಡ್‌ಶೀಟ್ ಹೊದಿಸಿದ್ದರು.

‘ಪಕ್ಕದ ಮನೆ ತಾತ ಬೆಳಿಗ್ಗೆ ಹೋಗ್ಬಿಟ್ರು ಮಾರಾಯ್ರೆ’ ಎಂದರು ಷಡಕ್ಷರಪ್ಪ. ‘ಫ್ಯಾಕ್ಟರಿ ಕೆಲಸಕ್ಕೆ ಬಂದು ನೆಲೆಸಿದ ತಮಿಳಿನವರು. ಈಗ ಹಾಡು ಹಾಕಿದ್ರೆ ಚೆನ್ನಾಗಿರಲ್ಲ.’

‘ಹಾಗಾದ್ರೆ ನಾನು ಹೊರಡ್ತೀನಿ.’

‘ಎಲ್ಲಿಗೆ? ಡಿಜೆ ಕರೆಸ್ತೀವಿ ಅಂತ ಬೀಗರಿಗೆ ಹೇಳಿಯಾಗಿದೆ. ವಿಡಿಯೊದಲ್ಲಿ ಕಾಣ್ಬೇಕಲ್ಲ. ನೀವು ನುಡಿಸ್ತಾ ಇರಿ. ಸೌಂಡ್ ಒಂದು ಬೇಡ.’

‘ಸೌಂಡ್ ಇಲ್ದೆ?’

‘ಹುಡುಗ್ರು ಕುಣೀತಾರೆ. ಹಾಡು ಆಮೇಲೆ ಜಯಪ್ಪ ಕೂರಿಸ್ತಾನೆ.’

ವಿಡಿಯೊದ ಜಯಪ್ಪ ಕ್ಯಾಮೆರಾದಿಂದ ಕಣ್ಣು ಕೀಳದೆ, ‘ಯಾವ್ದಾದ್ರೂ ಕೂರಿಸ್ಬೋದು’ ಅಂದ.

‘ಸಾವಿನ ಮನೆಯವ್ರನ್ನ ಒಂದ್ಮಾತು ಕೇಳಿದ್ರಾ?’ ಎಂದ ಉಮಾಮಹೇಶ್ವರ.

‘ಸತ್ತ ಮನೆಗೆ ಹೋಗಿ ನಾವು ಕುಣೀಬಹುದಾ ಅಂತ ಕೇಳೋಕಾಗುತ್ತೇನ್ರೀ? ಮರ್ಯಾದೆ ಬೇಡ್ವಾ?’

ಹೊರಟುಬಿಡಬೇಕಿತ್ತು. ಹೊರಡಲಿಲ್ಲ. ಹೊಸ ಹೆಡ್‌ಫೋನ್ ಏರಿಸಿ, ಎರಡೂ ಕಿವಿ ಮುಚ್ಚಿ ನುಡಿಸತೊಡಗಿದ.

ಎದುರಿಗೆ ಜನ ಸದ್ದಿಲ್ಲದೆ ಕುಣಿದರು. ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಹಾಡು. ಮೊಣಕೈಗೆ ಮೊಣಕೈ ತಗಲಿ ‘ಅಯ್ಯೋ’ ಎಂದು ಬಾಯಿ ತೆರೆದರು. ಮದುಮಗಳು ಎರಡು ಹೆಜ್ಜೆ ಹಾಕಿ ನಾಚಿ ಕೂತಳು. ಆದರೆ ಅವನ ಕಿವಿಯೊಳಗೆ ಹಾಡಿಗೆ ಹಾಡು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಕೊಂಡಿತು. ಜನ್ಮದಲ್ಲೇ ಅವನು ಇಷ್ಟು ಚೆನ್ನಾಗಿ ನುಡಿಸಿರಲಿಲ್ಲ. ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಅವನಿಗೆ ಅಳು ಬಂತು.

ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಕುಣಿಯುವವರ ಕಾಲುಗಳು ಒಂದಾಗಿದ್ದವು. ಕೂತಿದ್ದ ಮದುಮಗಳು ಎದ್ದಿದ್ದಳು. ಸೀರೆ ಸೆರಗು ಸಿಕ್ಕಿಸಿದ ಅಜ್ಜಿಯರು, ಬೀಗರು, ಕೊನೆಗೆ ಷಡಕ್ಷರಪ್ಪನವರೂ ಭುಜ ಕುಣಿಸುತ್ತಿದ್ದರು. ಇವನು ವೇಗ ಏರಿಸಿದ, ಅವರೂ ಏರಿಸಿದರು. ಕೇಳದೆಯೂ ಕೇಳಿಸಿತೇ? ಎದೆ ತುಂಬಿ ಬಂತು. ಎಲ್ಲರೂ ಬೆನ್ನು ಇವನ ಕಡೆ ಮಾಡಿದ್ದಾರೆ ಎಂಬುದು ಸ್ವಲ್ಪ ತಡವಾಗಿ ಕಣ್ಣಿಗೆ ಬಿತ್ತು. ಒಂದು ಬಟ್ಟಲನ್ನು ಹಿಂದಕ್ಕೆ ತಿರುಗಿಸಿದ.

ತಮಟೆ. ಬೀದಿಯೇ ನಡುಗುವ ಹಾಗೆ ತಮಟೆ, ಪಟಾಕಿ, ಶಿಳ್ಳೆ.

ಹೂವಿನ ಚಟ್ಟ ಪಕ್ಕದ ಮನೆಯಿಂದ ಎದ್ದು ಶಾಮಿಯಾನದ ಮುಂದೆ ಬಂದಿತ್ತು. ಮೊಮ್ಮಕ್ಕಳು ಅದರ ಮುಂದೆ ಕುಣಿಯುತ್ತಿದ್ದರು. ನಿಶ್ಚಿತಾರ್ಥದವರು ಅವರೊಳಗೆ ಬೆರೆತುಹೋಗಿದ್ದರು. ಬೆವರಿಳಿಯುತ್ತಿದ್ದ ತಾತನ ಮಗನೊಬ್ಬ ಷಡಕ್ಷರಪ್ಪನವರ ಹೆಗಲ ಮೇಲೆ ಕೈ ಹಾಕಿ ಕೂಗಿದ: ‘ಯಾಕ್ ಸಾರ್ ಬೆಳಿಗ್ಗೆಯಿಂದ ಪಾಟ್ಟೇ ಇಲ್ಲ, ಒಂದು ಹಾಡೂ ಇಲ್ಲ? ಅಪ್ಪಂಗೆ ತೊಂಬತ್ತು ದಾಟಿತ್ತು. ಇದು ಕಲ್ಯಾಣ ಸಾವು ಸಾರ್, ಮದುವೆ ಥರ ಕುಣಿದು ಕಳಿಸೋದು! ನಿಮ್ ಸೆಟ್ ಹಾಕ್ತೀರ ಅಂತ ಕಾಯ್ತಾ ಇದ್ವಿ.’

ಷಡಕ್ಷರಪ್ಪ ಓಡಿಬಂದು ಬೆಡ್‌ಶೀಟ್ ಕಿತ್ತೆಸೆದರು. ‘ಹಾಕ್ರೀ, ಹಾಕ್ರೀ!’ ಎಂದು ಕೈ ಬೀಸಿ ಮತ್ತೆ ಕುಣಿತಕ್ಕೆ ಹೋದರು.

ಹೊರಗಿನ ಕಿವಿಯಲ್ಲಿ ತಮಟೆ, ಒಳಗಿನ ಕಿವಿಯಲ್ಲಿ ಮುಂದಿನ ಹಾಡು. ಎರಡರ ನಡೆಯೂ ಆಗಲೇ ಒಂದಾಗಿತ್ತು. ಗುಂಡಿ ಜಾರಿಸಿದರೆ ಸಾಕು. ಜಾರಿಸಿದರೂ ಅವರು ಹೀಗೇ ಕುಣಿಯುತ್ತಾರೆ, ಜಾರಿಸದಿದ್ದರೂ ಹೀಗೇ. ಬೆರಳು ಅಲ್ಲೇ ನಿಂತಿತು.

ಚಟ್ಟದ ಮೇಲಿನ ಕುರ್ಚಿಯಲ್ಲಿ ತಾತನನ್ನು ಕೂರಿಸಿದ್ದರು. ಗದ್ದ ಜೋಲದಂತೆ ಬಿಳಿ ಬಟ್ಟೆಯನ್ನು ಕೆನ್ನೆಯ ಮೇಲಿಂದ ನೆತ್ತಿಗೆ ಬಿಗಿದು, ಎರಡೂ ಕಿವಿಗೆ ಹತ್ತಿ ತುರುಕಿದ್ದರು. ಹೊತ್ತವರು ಕುಣಿದಂತೆಲ್ಲ ತಾತನ ತಲೆ ತಾಳಕ್ಕೆ ಸರಿಯಾಗಿ ಆಡುತ್ತಿತ್ತು. ಅಷ್ಟು ಜನರಲ್ಲಿ ಮುಖ ಇತ್ತ ಕಡೆ ಇದ್ದದ್ದು ಅವನೊಬ್ಬನದೇ. ಉಮಾಮಹೇಶ್ವರನೂ ಅವನನ್ನೇ ನೋಡುತ್ತ ತಲೆಯಾಡಿಸತೊಡಗಿದ.