ಗಾಡಿಯ ನಡುಕ, ಮಾವನ ಗಡ್ಡ

ನನ್ನ ಷಡ್ಡಕನ ಕೈ ನಡುಗುವುದಿಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿ ಎದ್ದು, ಅತ್ತೆ ಕೊಟ್ಟ ಬಿಸಿ ಕಾಫಿ ಕುಡಿದು, ನಾಲ್ಕು ಹೆಜ್ಜೆ ನಡೆದು ಕುರ್ಚಿಯ ಪಕ್ಕ ನಿಲ್ಲುವವನ ಕೈ ಯಾಕೆ ನಡುಗಬೇಕು? ನಾನು ಊರಿನ ಆ ತುದಿಯಿಂದ ಮೋಟಾರ್ ಸೈಕಲ್ಲಿನಲ್ಲಿ ಬರುವವನು. ಗಾಡಿ ಸ್ವಲ್ಪ ವೇಗ ಹಿಡಿದರೆ ಸಾಕು, ಹ್ಯಾಂಡಲ್ಲಿನಿಂದ ಒಂದು ನಡುಕ ಹೊರಟು ಅಂಗೈ, ಮೊಣಕೈ ಹತ್ತಿ ಹಲ್ಲಿನವರೆಗೂ ಬರುತ್ತದೆ. ಗಾಡಿ ನಿಲ್ಲಿಸಿದ ಮೇಲೂ ಬೆರಳುಗಳಲ್ಲಿ ಜುಮುಜುಮು ಎನ್ನುತ್ತಾ ಕೂತೇ ಇರುತ್ತದೆ. ಆ ಬೆರಳಲ್ಲಿ ಕತ್ತಿ ಹಿಡಿದು ಇನ್ನೊಬ್ಬರ ಗಂಟಲ ಮೇಲೆ ಇಡುವುದು ಹೇಗೆ?

ನಮ್ಮ ಮಾವನ ಕ್ಷೌರದ ಅಂಗಡಿಯಲ್ಲಿ ಇರುವುದು ಎರಡು ಕುರ್ಚಿ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಕಟ್ಟಿಕೊಂಡವನು ನಾನು, ಚಿಕ್ಕವಳನ್ನು ಕಟ್ಟಿಕೊಂಡವನು ಅವನು. ಮಾವ ಕತ್ತರಿ ಕೆಳಗಿಟ್ಟು ಬಹಳ ಕಾಲವಾಯಿತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಂದು ಗಡ್ಡ ಮಾಡಿಸಿಕೊಳ್ಳುತ್ತಾರೆ, ಆಮೇಲೆ ಬೆಂಚಿನ ಮೇಲೆ ಕೂತು ಬಂದವರೊಡನೆ ಹರಟುತ್ತಾರೆ. ಅವರು ಯಾರ ಕುರ್ಚಿಯಲ್ಲಿ ಗಡ್ಡ ಮಾಡಿಸಿಕೊಳ್ಳುತ್ತಾರೋ ಮುಂದೆ ಅಂಗಡಿ ಅವನದು ಎಂದು ಇಡೀ ಬೀದಿ ತೀರ್ಮಾನಿಸಿಬಿಟ್ಟಿದೆ. ಅವರು ಕೂರುವುದು ಷಡ್ಡಕನ ಕುರ್ಚಿಯಲ್ಲಿ. ಮೊದಲು ನನ್ನಲ್ಲೇ ಕೂರುತ್ತಿದ್ದರು. ಒಂದು ದಿನ ಗಲ್ಲದ ಗಾಯಕ್ಕೆ ಪಟಿಕ ಒತ್ತಿಕೊಂಡು, "ನಿನ್ನ ಕೈ ಇನ್ನೂ ಗಾಡಿ ಮೇಲಿಂದ ಇಳಿದಿಲ್ಲ ಕಣಪ್ಪ" ಎಂದು ನಕ್ಕು ಎದ್ದುಹೋದರು. ಎದ್ದವರು ಮತ್ತೆ ಬರಲಿಲ್ಲ.

ಅಂದಿನಿಂದ ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ? ಅವನು ಮಾವನ ಮುಖಕ್ಕೆ ನೊರೆ ಬಳಿಯುವುದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಕೆನ್ನೆ ಎಳೆದು ಹಿಡಿಯುವಾಗ ಎಡಗೈ ಕಿರುಬೆರಳನ್ನು ಮೇಲೆತ್ತಿರುತ್ತಾನೆ, ದೊಡ್ಡ ಮನುಷ್ಯ! ಕತ್ತಿ ಗಂಟಲಿಗೆ ಬಂದಾಗ ಉಸಿರು ಹಿಡಿಯುತ್ತಾನೆ. ಒಂದೊಂದು ಸಲ ಎಳೆದಾಗಲೂ ಕತ್ತಿಯನ್ನು ಒರೆಸುತ್ತಾನೆ. ಕೆಲಸ ಮುಗಿದ ಮೇಲೆ ಮಾವನ ಕಿವಿಯ ಹಿಂದೆ ಉಳಿದ ನೊರೆಯನ್ನು ಹೆಬ್ಬೆರಳಲ್ಲಿ ತೆಗೆಯುತ್ತಾನೆ, ಹೆತ್ತ ಮಗನೂ ಹಾಗೆ ಮಾಡಲಿಕ್ಕಿಲ್ಲ. ಗಿರಾಕಿಗಳು ಅವನ ಕುರ್ಚಿ ಖಾಲಿಯಾಗಲಿ ಎಂದು ಕಾಯುತ್ತಾರೆ. ನನ್ನ ಕುರ್ಚಿ ಖಾಲಿಯಿದ್ದರೂ ಪೇಪರು ಓದುವ ನಟನೆ ಮಾಡುತ್ತಾರೆ.

ಎಲ್ಲಕ್ಕೂ ಕಾರಣ ಆ ನಡುಕ. ಅದೊಂದು ಹೋದರೆ ಮಾವ ನನ್ನ ಕುರ್ಚಿಗೆ ವಾಪಸ್ಸು ಬರುತ್ತಾರೆ, ಅವರ ಹಿಂದೆ ಬೀದಿಯೂ ಬರುತ್ತದೆ. ಹೀಗೆಂದುಕೊಂಡು ಗಾಡಿಯ ಬೆನ್ನು ಹತ್ತಿದೆ. ದಪ್ಪ ಕೈಗವಸು ತೊಟ್ಟೆ. ಹಿಡಿಕೆಗೆ ಸ್ಪಂಜು ಏರಿಸಿದೆ. ಹ್ಯಾಂಡಲ್ಲಿನ ಎರಡೂ ತುದಿಗೆ ಕಬ್ಬಿಣದ ಗುಂಡು ಹಾಕಿಸಿದೆ. ಟೈರಿನ ಗಾಳಿ ಇಳಿಸಿದೆ, ಏರಿಸಿದೆ. ಮೆಕ್ಯಾನಿಕ್ಕನ ಹತ್ತಿರ ಹೋದರೆ, "ಎಂಜಿನ್ ಅಂದ್ಮೇಲೆ ನಡುಗುತ್ತೆ ಸ್ವಾಮಿ. ನಡುಗಬಾರ್ದು ಅಂದ್ರೆ ತಳ್ಕೊಂಡು ಹೋಗಿ" ಎಂದ.

ಕಡೆಗೆ ನನ್ನದೇ ತಲೆ ಓಡಿಸಿದೆ. ಹ್ಯಾಂಡಲ್ಲು ಕೂರುವ ಜಾಗದ ರಬ್ಬರು ಸವೆದು ಚಪ್ಪಟೆಯಾಗಿತ್ತು. ಅದನ್ನು ಕಿತ್ತೆಸೆದು, ಕತ್ತಿ ಮಸೆಯುವ ಹಳೆಯ ಚರ್ಮದ ಪಟ್ಟಿಯನ್ನು ಚೂರು ಚೂರು ಕತ್ತರಿಸಿ ತುರುಕಿದೆ. ಕೈಗೆ ಸಿಕ್ಕ ಬೋಲ್ಟನ್ನೆಲ್ಲ ಹಲ್ಲು ಕಚ್ಚಿಕೊಂಡು ಬಿಗಿದೆ. ಮೊದಮೊದಲು ಗಾಡಿ ಹಾಯಾಗಿ ಓಡಿತು. ಆಮೇಲೆ ಚರ್ಮ ಒಣಗಿ ಮರದ ತುಂಡಿನಂತಾಯಿತು, ನಡುಕ ಮೊದಲಿಗಿಂತ ಜೋರಾಯಿತು.

"ನಿಮ್ಮ ಕೈಗೆ ಲೋಟ ಕೊಟ್ರೆ ಅರ್ಧ ನೀರು ನೆಲಕ್ಕೆ," ಎಂದಳು ನನ್ನ ಹೆಂಡತಿ. "ಸುಮ್ನೆ ಬಸ್ಸಲ್ಲಿ ಹೋಗಬಾರದಾ?"

ಬಸ್ಸಲ್ಲಿ ಹೋಗಬೇಕಂತೆ! ಅವನಿಗೆ ಮಾವನ ಮನೆಯಿದೆ, ಅತ್ತೆಯ ಕಾಫಿಯಿದೆ, ಮಾವನ ಗಡ್ಡವಿದೆ. ಅವನಿಗಿಲ್ಲದೆ ನನಗಿರುವುದು ಈ ಗಾಡಿಯೊಂದೇ. ಅದನ್ನೂ ಬಿಟ್ಟು ಬಸ್ಸಿಗೆ ಕಾಯುತ್ತಾ ನಿಂತರೆ ನನ್ನ ಮಾನ ಎಲ್ಲಿ ಉಳಿಯಿತು?

ಷಡ್ಡಕ ಮದುವೆಗೆ ಮೊದಲು ಯಾವುದೋ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. "ಅಣ್ಣ, ನಾನೊಂದ್ಸಲ ನೋಡ್ಲಾ?" ಎಂದು ಎಷ್ಟೋ ಸಲ ಕೇಳಿದ್ದ. ಬೇಡವೆಂದಿದ್ದೆ. ನನ್ನ ಹೆಂಡತಿ ಸುಮ್ಮನಿರಬೇಕಲ್ಲ? ತಂಗಿಯ ಕಿವಿಗೆ ಹಾಕಿದಳು, ತಂಗಿ ಗಂಡನ ಕಿವಿಗೆ ಹಾಕಿದಳು. ಅಂಗಡಿಗೆ ರಜೆಯಿದ್ದ ದಿನ ಅವನು ಸ್ಪ್ಯಾನರುಗಳ ಚೀಲ ಹಿಡಿದು ಮನೆ ಬಾಗಿಲಿಗೇ ಬಂದ. ಬಂದವನನ್ನು ಹೋಗೆನ್ನಲಾಗುತ್ತದೆಯೇ?

ಎಂಜಿನ್ ಚಾಲೂ ಮಾಡಿಟ್ಟು ಅವನು ಅಂಗೈಯನ್ನು ಟ್ಯಾಂಕಿನ ಮೇಲೆ, ಕಾಲಿಡುವ ಕಡೆ, ಸೀಟಿನ ಕೆಳಗೆ ಒಂದೊಂದಾಗಿ ಇಟ್ಟು ನೋಡಿದ. ಹ್ಯಾಂಡಲ್ಲು ಬಿಚ್ಚಿ ನನ್ನ ಚರ್ಮದ ಚೂರುಗಳನ್ನು ಹೊರತೆಗೆದು ಕಲ್ಲಿನ ಮೇಲೆ ಜೋಡಿಸಿದ. ಗೊಳ್ಳೆಂದು ನಕ್ಕಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಅವನು ನಗಲಿಲ್ಲ. ಜೇಬಿನಿಂದ ಹೊಸ ರಬ್ಬರು ತೆಗೆದು ಕೂರಿಸಿದ. ಆಮೇಲೆ ಟ್ಯಾಂಕು ಎತ್ತಿ, ಎಂಜಿನ್ನನ್ನು ಮೇಲಿನಿಂದ ಹಿಡಿದಿರುವ ಬೋಲ್ಟನ್ನು ಬೆರಳಿನಲ್ಲೇ ತಿರುಗಿಸಿ ತೋರಿಸಿದ.

"ಎಲ್ಲಾನೂ ಬಿಗಿ ಮಾಡಿದೀರ ಅಣ್ಣ. ಇದೊಂದು ಟ್ಯಾಂಕಿನಡಿ ಇತ್ತಲ್ಲ, ಕಂಡಿಲ್ಲ."

ಅದನ್ನೂ ಬಿಗಿದ. ಒಂದು ಸುತ್ತು ಓಡಿಸಿ ಬಂದೆ. ಕೈಯಲ್ಲಿ ಜುಮ್ಮೆನ್ನುವುದಿಲ್ಲ, ಹಲ್ಲು ಕಟಕಟಿಸುವುದಿಲ್ಲ. ಇಷ್ಟು ಸಲೀಸಾಗಿ ಓಡುವ ಗಾಡಿ ನನ್ನದೇ ಎಂದು ಖುಷಿಯಾಯಿತು. ಅದನ್ನು ಕೊಟ್ಟವನು ಅವನು ಎಂದು ನೆನಪಾಗಿ ಖುಷಿಗೆ ಕಲ್ಲು ಬಿತ್ತು. ಒಳಗೆ ನನ್ನ ಹೆಂಡತಿ ನನ್ನ ಲೋಟದಲ್ಲೇ ಅವನಿಗೆ ಕಾಫಿ ಕೊಡುತ್ತಿದ್ದಳು.

ಮರುದಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಎರಡೂ ಕೈ ಚಾಚಿ ನೋಡಿಕೊಂಡೆ. ಒಂದು ಬೆರಳೂ ಅಲುಗಲಿಲ್ಲ. ಮಾವ ಬಂದಾಗ ಷಡ್ಡಕನೇ ನನ್ನ ಕುರ್ಚಿಯ ಬಟ್ಟೆ ಕೊಡವಿ, "ಇವತ್ತು ಅಣ್ಣನ ಹತ್ರ ಕೂತ್ಕೊಳ್ಳಿ ಮಾವ" ಎಂದ. ನನಗೆ ಸಿಗಬೇಕಾದದ್ದನ್ನು ದಾನ ಮಾಡಲು ಇವನು ಯಾರು? ಕೋಪ ನುಂಗಿಕೊಂಡು ನೊರೆ ಬಳಿದೆ, ಕತ್ತಿ ಎಳೆದೆ. ಒಂದು ಹನಿ ರಕ್ತವಿಲ್ಲ. ಮಾವ ಗಲ್ಲ ಸವರಿಕೊಂಡು, "ಚೆನ್ನಾಗಿದೆ" ಎಂದರು. ಆ ದಿನವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದರ ಮರುದಿನ ಮಾವ ಬಂದರು, ಟವೆಲು ಗೂಟಕ್ಕೆ ಹಾಕಿದರು, ನೆಟ್ಟಗೆ ಹೋಗಿ ಷಡ್ಡಕನ ಕುರ್ಚಿಯಲ್ಲಿ ಕೂತರು.

ನನಗೆ ತಡೆಯಲಾಗಲಿಲ್ಲ. ಷಡ್ಡಕ ಮೂಲೆಯ ನಲ್ಲಿಯ ಹತ್ತಿರ ಬ್ರಷ್ಷು ತೊಳೆಯುತ್ತಿದ್ದ. ನಾನು ಮಾವನ ಕುರ್ಚಿಯ ಹಿಂದೆ ಹೋಗಿ ನಿಂತು ಮೆಲ್ಲಗೆ ಕೇಳಿದೆ.

"ಯಾಕೆ ಮಾವ? ನಿನ್ನೆ ಕೈ ನಡುಗಿತಾ?"

"ಇಲ್ಲಪ್ಪ. ಕೈ ಕಲ್ಲಿನ ಹಾಗಿತ್ತು."

"ಮತ್ತೆ?"

ಮಾವನೂ ದನಿ ತಗ್ಗಿಸಿದರು. "ಕತ್ತಿ ನನ್ನ ಗಂಟಲ ಮೇಲೆ, ಕಣ್ಣು ಅವನ ಮೇಲೆ. ಗಡ್ಡ ಮುಗಿಯೋವರೆಗೂ ಕನ್ನಡೀಲಿ ಅವನನ್ನೇ ನೋಡ್ತಿದ್ದೆಯಲ್ಲೋ. ಮೊದಲಿಂದಲೂ ಹಾಗೇ. ನಿನಗೆ ಬೇಜಾರಾಗುತ್ತೆ ಅಂತ ಗಾಡಿ ಮೇಲೆ ಹಾಕಿ ಹೇಳಿದೆ. ನಂಗೆ ಭಯ ಆಗುತ್ತೆ ಕಣಪ್ಪ."

"ನಾನೆಲ್ಲಿ ನೋಡಿದೆ ಮಾವ?" ಎಂದೆ.

ಹಾಗೆನ್ನುವಾಗ, ಷಡ್ಡಕನಿಗೆ ಇದೆಲ್ಲ ಕೇಳಿಸಿತೋ ಏನೋ ಎಂದು ನಾನು ಕನ್ನಡಿಯಲ್ಲಿ ಅವನ ಮುಖ ಹುಡುಕುತ್ತಿದ್ದೆ. ಅದೇ ಕನ್ನಡಿಯಲ್ಲಿ ಮಾವ ನನ್ನನ್ನು ನೋಡುತ್ತಿದ್ದರು.