ಕೆಂಪು ನೀರು ಕಂಡ ಭಾವ

ಫ್ಲಶ್ ಟ್ಯಾಂಕು ಎರಡು ವಾರದಿಂದ ಒಳಗೊಳಗೇ ಸೋರುತ್ತಿತ್ತು. ಹೊರಗೆ ಒಂದು ಹನಿಯೂ ಕಾಣದು. ಆದರೆ ಐದೈದು ನಿಮಿಷಕ್ಕೆ ತಾನಾಗಿಯೇ ಸುಯ್ಯೆಂದು ತುಂಬಿಕೊಳ್ಳುತ್ತಿತ್ತು. ಪ್ರತಿ ಸುಯ್ಯಿಗೂ ಭಾವ, "ಈ ಮನೇಲಿ ಯಾರಿಗೂ ನೀರಿನ ಬೆಲೆ ಗೊತ್ತಿಲ್ಲ" ಎಂದು ಗೊಣಗುತ್ತಿದ್ದರು. ಟೀಚರಮ್ಮನ ಗಂಡನ ಅಣ್ಣ ಅವರು. ನಿವೃತ್ತರಾದ ಮೇಲೆ ತಮ್ಮನ ಮನೆಯಲ್ಲೇ ಇದ್ದರು. ದಿನಕ್ಕೆರಡು ಸಲ ತಮ್ಮ ನಾಡಿ ತಾವೇ ಹಿಡಿದು ನೋಡಿಕೊಳ್ಳುವುದೇ ಅವರ ಈಗಿನ ನೌಕರಿ.

ಭಾನುವಾರ ಗಂಡ ಡ್ಯೂಟಿಗೆ ಹೋದ ಮೇಲೆ ಟೀಚರಮ್ಮ ತಾನೇ ಕೈ ಹಾಕಿದಳು. ಟ್ಯಾಂಕಿನ ತಳದ ರಬ್ಬರ್ ಸರಿಯಾಗಿ ಕೂರದಿದ್ದರೆ ನೀರು ಕಳ್ಳನ ಹಾಗೆ ಕಮೋಡಿಗೆ ಇಳಿಯುತ್ತದೆ, ಬಣ್ಣ ಹಾಕಿದರೆ ಸಿಕ್ಕಿಬೀಳುತ್ತದೆ ಎಂದು ಸ್ಕೂಲಲ್ಲಿ ಯಾರೋ ಹೇಳಿದ್ದರು. ಮನೆಯಲ್ಲಿದ್ದದ್ದು ಪೇಪರ್ ತಿದ್ದುವ ಕೆಂಪು ಇಂಕು. ಮುಚ್ಚಳವನ್ನು ಚೂರು ಸರಿಸಿ ಅರ್ಧ ಬಾಟಲಿ ಸುರಿದು, ಅಡುಗೆಮನೆಗೆ ಹೋದಳು.

ಅಷ್ಟರಲ್ಲಿ ಭಾವ ಬಾತ್‌ರೂಮಿಗೆ ಹೋದರು. ಫ್ಲಶ್ ಎರಡು ಸಲ ಕೇಳಿಸಿತು. ಹೊರಗೆ ಬಂದಾಗ ಅವರ ಮುಖಕ್ಕೆ ಸುಣ್ಣ ಬಳಿದಂತಿತ್ತು. ಗೋಡೆ ಹಿಡಿದುಕೊಂಡೇ ರೂಮಿಗೆ ಹೋಗಿ ಮಲಗಿದರು.

ಟೀಚರಮ್ಮನಿಗೆ ವಿಷಯ ಹೊಳೆಯಿತು. ಹೇಳಿಬಿಡಲು ಬಾಗಿಲವರೆಗೆ ಹೋದಳು. ಎರಡು ವಾರದ ಗೊಣಗಾಟ ನೆನಪಾಯಿತು. ಹತ್ತು ನಿಮಿಷ ತಡವಾದರೆ ಏನೂ ಮುಳುಗಿಹೋಗುವುದಿಲ್ಲ ಎನಿಸಿತು.

"ಯಾಕೆ ಭಾವ, ಹುಷಾರಿಲ್ವಾ?"

"ಕೂತ್ಕೋಮ್ಮ." ಭಾವ ಮಣಿಕಟ್ಟು ಒತ್ತಿ ಹಿಡಿದಿದ್ದರು. "ನನ್ನದು ಮುಗೀತು ಅನ್ಸುತ್ತೆ. ಹೋಗೋ ಮುಂಚೆ ಒಂದು ಮಾತು. ತಿಂಗಳ ಹಿಂದೆ ಆ ಟ್ಯಾಂಕೊಳಗೆ ಇಟ್ಟಿಗೆ ಇಟ್ಟಿದ್ದು ನಾನೇ. ನೀರು ಉಳೀಲಿ ಅಂತ."

"ಇಟ್ಟಿಗೇನಾ?"

"ಇನ್ನೊಂದು. ಪೇಪರ್ ತಿದ್ದೋಕೆ ಬೆಳಕು ಬೇಕು ಅಂತ ನೀನು ಈ ಕಿಟಕಿ ರೂಮು ಕೇಳಿದ್ದೆ. ಕೊಡಲಿಲ್ಲ. ಇವತ್ತಿಂದ ಇದು ನಿಂದು."

"ಹಾಗೆಲ್ಲ ಮಾತಾಡಬೇಡಿ ಭಾವ. ರೂಮಿನ ವಿಷಯ ಮಾತ್ರ ನಿಮ್ಮಿಷ್ಟ" ಎಂದು ಎದ್ದಳು.

ನೀರಿನ ನಲ್ಲಿ ತಿರುಗಿಸಿ ನಿಲ್ಲಿಸಿ, ಟ್ಯಾಂಕು ಖಾಲಿ ಮಾಡಿ, ಮುಚ್ಚಳ ಪೂರ್ತಿ ತೆಗೆದಳು. ಇಟ್ಟಿಗೆ ನೆನೆದು ನೆನೆದು ಬಿಸ್ಕತ್ತಿನ ಹಾಗೆ ಉದುರಿತ್ತು. ಅದರ ಹರಳು ರಬ್ಬರಿನಡಿ ಸಿಕ್ಕಿಕೊಂಡಿತ್ತು. ಇಟ್ಟಿಗೆ ಎತ್ತಿ, ಪುಡಿಯೆಲ್ಲ ಬಳಿದು, ರಬ್ಬರು ಒರೆಸಿ ಮತ್ತೆ ನೀರು ಬಿಟ್ಟಳು. ಟ್ಯಾಂಕು ತುಂಬಿ ಸುಮ್ಮನಾಯಿತು. ಹತ್ತು ನಿಮಿಷ ನಿಂತು ನೋಡಿದರೂ ಉಸಿರೆತ್ತಲಿಲ್ಲ.

ಇಟ್ಟಿಗೆಯನ್ನು ಹಳೇ ಪೇಪರಿನ ಮೇಲಿಟ್ಟುಕೊಂಡು ಬಂದು, "ನಿಮ್ಮ ಕಾಯಿಲೆ ವಾಸಿಯಾಯ್ತು ಭಾವ" ಎಂದು ಇಂಕಿನ ಕತೆ ಹೇಳಿದಳು.

ಭಾವ ಎದ್ದು ಕೂತರು. ಇಟ್ಟಿಗೆ ನೋಡಿದರು, ಅವಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

"ನನಗೆ ಆಗಲೇ ಅನುಮಾನ ಬಂದಿತ್ತು. ರಕ್ತ ಅಷ್ಟು ಕೆಂಪಗಿರಲ್ಲ."

"ಗೊತ್ತಿದ್ದೂ ರೂಮು ಬಿಟ್ಟುಕೊಟ್ರಲ್ಲ. ದೊಡ್ಡ ಮನಸ್ಸು ನಿಮ್ಮದು."

ಭಾವ ಚಪ್ಪಲಿ ಮೆಟ್ಟಿಕೊಂಡರು. ಹಾಲ್‌ನಲ್ಲಿದ್ದ ಅವಳ ಪೇಪರ್ ತಿದ್ದುವ ಮೇಜನ್ನು ಕಿಟಕಿ ರೂಮಿಗೆ ತರಲು ಇನ್ನೊಂದು ಕೊನೆ ಅವರೇ ಹಿಡಿದರು.